ಅಪೆಂಡಿಕ್ಸ್ ಅಂತ ಹೇಳಿದ್ದು

ಜೂನ್ 3, ಬೆಳಿಗ್ಗೆ 7.10
ಕಡಕೊಳದ ಫ್ಯಾಕ್ಟರಿ ಬಸ್ಸು. ಎಡಗಡೆ ಕಿಬ್ಬೊಟ್ಟೆ ಮತ್ತೆ ಹಿಂಡಿತು. ಮೂರನೇ ಸಲ. ವಾಕರಿಕೆ. ಇಪ್ಪತ್ತು ನಿಮಿಷ — ಆಮೇಲೆ ಏನೂ ಆಗದ ಹಾಗೆ ಹೋಯಿತು. ಇನ್ನು ಪ್ರತಿ ಸಲವೂ ಹೊತ್ತು ಬರೆದಿಡುತ್ತೇನೆ.

ಜೂನ್ 5
ವಿಜಯನಗರದ ಕ್ಲಿನಿಕ್ಕು. ಅಲ್ಲಿ ನೋವೇ ಇಲ್ಲ. ಹಿಂದೆ ಏನಾದರೂ ಆಪರೇಷನ್ ಆಗಿತ್ತಾ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಅಪೆಂಡಿಕ್ಸ್ ಡಾಕ್ಟ್ರೇ, ಹದಿನಾರನೇ ವರ್ಷದಲ್ಲಿ."
ಸುಳ್ಳು. ಆಗ ಬಲಗಡೆಯ ಅಂಡಾಶಯ ತಿರುಚಿಕೊಂಡಿತ್ತು. ಗ್ಯಾಸೆಂದು ಎರಡು ದಿನ ಓಮದ ನೀರು ಕುಡಿಸಿದರು, ಕೊನೆಗೆ ತೆಗೆಯಬೇಕಾಯಿತು. ನಾಳೆ ಮದುವೆಯಾಗಬೇಕಾದ ಹುಡುಗಿ ಅಂತ ನೆಂಟರಿಗೆಲ್ಲ ಅಪೆಂಡಿಕ್ಸ್. ಎಂಟು ವರ್ಷ ಹೇಳಿ ಹೇಳಿ ಅಮ್ಮನಿಗೆ ಅದೇ ಬಾಯಿಪಾಠ.
ಸ್ಕ್ಯಾನ್ ನಾರ್ಮಲ್. ಬಲಗಡೆಯದು ಗ್ಯಾಸಿನಿಂದ ಕಾಣಲಿಲ್ಲವಂತೆ. ಇದ್ದರೆ ತಾನೆ ಕಾಣುವುದು! ನಾನೂ ಅಮ್ಮನ ಮಾತು ತಿದ್ದಲಿಲ್ಲ. ನನ್ನ ಮೇಲೇ ಸಿಟ್ಟು.

ಜೂನ್ 21
ಮಧ್ಯಾಹ್ನ 12.40ರಿಂದ 1.15ರವರೆಗೆ ನೋವು. ಆಸ್ಪತ್ರೆ ತಲುಪುವಷ್ಟರಲ್ಲಿ ಮಾಯ.
ಫ್ಯಾಕ್ಟರಿಯಲ್ಲಿ ನನ್ನದು ಕ್ವಾಲಿಟಿ ಚೆಕ್ಕು. ಮಿಷನ್ ಕೈಕೊಡುವಾಗಲೇ ನೋಡಬೇಕು, ನಿಲ್ಲಿಸಿ ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ಮುಂದಿನ ಸಲ ನೋವಿದ್ದಾಗಲೇ ಸ್ಕ್ಯಾನ್. ಹಳೇ ಫೈಲು ಬ್ಯಾಗಿನಲ್ಲೇ ಇರಲಿ. ಉಳಿದಿರುವುದು ಒಂದೇ. ಅದನ್ನು ಕಳೆದುಕೊಳ್ಳುವುದಿಲ್ಲ.

ಜುಲೈ 14, ಮಧ್ಯಾಹ್ನ 12.20, ಸ್ಟ್ರೆಚರ್ ಮೇಲೆ
ಸೀರೆ ಅಂಗಡಿಯಲ್ಲಿ ಶುರುವಾಯಿತು. ಶ್ರಾವಣದಲ್ಲಿ ವಿಶ್ವನಾಥ್ ಜೊತೆ ನಿಶ್ಚಿತಾರ್ಥ, ಅವರ ತಾಯಿಯೂ ಬಂದಿದ್ದರು. ಅವರ ಕಾರಿನಲ್ಲೇ ಆಸ್ಪತ್ರೆ. ಹಿಂದೆ ಆಪರೇಷನ್ ಆಗಿತ್ತಾ ಎಂದು ಡಾ. ಸೌಮ್ಯ ಕೇಳಿದರು. ಅಮ್ಮ ಮತ್ತೆ, "ಅಪೆಂಡಿಕ್ಸ್..."
"ಅಲ್ಲ ಡಾಕ್ಟ್ರೇ. ಬಲಗಡೆ ಓವರಿ ತಿರುಚ್ಕೊಂಡು ತೆಗೆದುಬುಟ್ರು. ಈಗ ಎಡಗಡೆ. ನೋವು ಇದ್ದಂಗೇ ಸ್ಕ್ಯಾನ್ ಮಾಡಿ."
ವಿಶ್ವನಾಥ್ ತಾಯಿ ಎದ್ದು ಹೊರಗೆ ಹೋದರು. ಹೋಗಲಿ.
ಸ್ಕ್ಯಾನ್ ಆಯಿತು. ಎಡಗಡೆಯ ಅಂಡಾಶಯ ಊದಿದೆಯಂತೆ, ಜಾಗ ಬಿಟ್ಟು ಸರಿದಿದೆಯಂತೆ. "ಎರಡೂ ಕಡೆ ಆಗೋದು ತುಂಬ ಅಪರೂಪ ಕಣಮ್ಮ. ನೀವು ಹೇಳ್ದೇ ಇದ್ದಿದ್ರೆ ಕಿಡ್ನಿ ಸ್ಟೋನ್ ಅಂದ್ಕೊಂಡು ಕಾಯ್ತಿದ್ವೇನೋ. ಈಗ್ಲೇ ಲ್ಯಾಪರೋಸ್ಕೋಪಿ ಮಾಡಿ ಬಿಡಿಸ್ತೀವಿ. ಉಳಿಸೋಕೆ ನೋಡ್ತೀವಿ."
ಹೆದರಿಕೆ. ಆದರೂ ಆಪರೇಷನ್ ಒಪ್ಪಿಗೆಗೆ ಸಹಿ ಹಾಕಿದೆ.

ಜುಲೈ 16
ಉಳಿಯಿತು! ಒಂದೂವರೆ ಸುತ್ತು ತಿರುಚಿತ್ತಂತೆ. ಬಿಡಿಸಿದ ಮೇಲೆ ರಕ್ತ ಹರಿದು ನಿಧಾನಕ್ಕೆ ಬಣ್ಣ ಬಂತಂತೆ. ಮತ್ತೆ ತಿರುಗದ ಹಾಗೆ ಹೊಲಿದಿದ್ದಾರೆ. ಕೇಳಿ ಅತ್ತುಬಿಟ್ಟೆ. ಅತ್ತರೆ ಹೊಟ್ಟೆ ನೋಯುತ್ತದೆ, ಆದರೂ ಅತ್ತೆ.

ಸಂಜೆ 4.30
ವಿಶ್ವನಾಥ್ ವಾರ್ಡಿನ ಬಾಗಿಲಲ್ಲಿ ನರ್ಸನ್ನು ಏನೋ ಕೇಳುತ್ತಿದ್ದಾರೆ. ಒಬ್ಬರೇ ಬಂದಿದ್ದಾರೆ.
ಅಮ್ಮ ಕಿವಿಯಲ್ಲಿ, "ನೋವಿನ ಗಾಬ್ರೀಲಿ ಏನೇನೋ ಅಂದ್ಬುಟ್ಲು ಅಂತ ಹೇಳ್ಲೇನೇ?"
"ಬೇಡಮ್ಮ. ನೀನು ಹೊರಗೆ ಹೋಗಿ ಕಾಫಿ ಕುಡ್ಕೊಂಡು ಬಾ."
ಹೋದಳು. ವಿಶ್ವನಾಥ್ ಇತ್ತ ಕಡೆಗೇ ಬರುತ್ತಿದ್ದಾರೆ. ಮೊದಲಿಂದ ಹೇಳುತ್ತೇನೆ, ಹದಿನಾರನೇ ವರ್ಷದಿಂದ, ಒಂದನ್ನೂ ಬಿಡದೆ —