ಕೂಗುಮಣಿ ಇಲ್ಲದ ಕಿವಿ

ಗಾಳಿಕೇರಿ, ಕಪ್ಪತಗುಡ್ಡ
ಇಸವಿ ೨೩೧೨, ಹದಿನಾಲ್ಕನೆಯ ತಿಂಗಳು, ಹುಣ್ಣಿಮೆಯ ಮಾರನೆಯ ದಿನ

ಅಲಾರಂ ಇಟ್ಟು ಮಲಗುವ ಹಿರಿಯರಿಗೆ ಹಂಪವ್ವನ ನಮಸ್ಕಾರಗಳು.

ಹದಿನಾಲ್ಕನೆಯ ತಿಂಗಳು ಎಂದು ಓದಿ ನಗಬೇಡಿ. ನಮ್ಮನ್ನು ಆಳುವ ಗಾಳಿಮನೆಯವರು ವರ್ಷವನ್ನು ತಮಗೆ ಬೇಕಾದ ಹಾಗೆ ಕತ್ತರಿಸಿಕೊಂಡಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಹೇಳಹೊರಟ ಸಂಗತಿಗೆ ಮಾತ್ರ ನಾನು ಕ್ಷಮೆ ಕೇಳುವವಳಲ್ಲ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಯ ಕಾಲದವರು, ದೊಡ್ಡವರು. ಆದರೂ ನಿಮ್ಮ ಮೇಲೆ ನನಗೆ ಸಿಟ್ಟಿದೆ. ದಿಂಬಿನ ಪಕ್ಕದಲ್ಲಿ ಅರಚುವ ಯಂತ್ರ ಇಟ್ಟುಕೊಂಡು, ಬೆಳಗಾದರೆ ಅದರ ತಲೆಗೆ ಬಡಿದು, ಇನ್ನೈದು ನಿಮಿಷ ಎಂದು ಬೇಡಿಕೊಂಡವರು ನೀವು. ನಮ್ಮ ನಿದ್ದೆಯನ್ನು ಇನ್ನೊಬ್ಬರ ಹತ್ತಿರ ಬೇಡುವ ಅಭ್ಯಾಸ ಶುರುವಾದದ್ದು ಅಲ್ಲಿಂದ. ನಮ್ಮ ಕಾಲಕ್ಕೆ ಬಡಿಯಲು ತಲೆಯೂ ಸಿಗದಂತೆ ಆ ಯಂತ್ರವನ್ನು ಕಿವಿಯ ಹಿಂದೆ, ಚರ್ಮದೊಳಗೆ ಹೂತುಬಿಟ್ಟರು.

ಅದಕ್ಕೆ ನಾವು ಕೂಗುಮಣಿ ಎನ್ನುತ್ತೇವೆ. ಗಾತ್ರದಲ್ಲಿ ಸಾಸಿವೆ ಕಾಳಿನಷ್ಟು. ನಮ್ಮ ಗುಡ್ಡದ ತುಂಬ ಗಾಳಿಕಂಬಗಳಿವೆ, ಅವುಗಳ ರೆಕ್ಕೆ ನೋಡಿಕೊಳ್ಳುವುದೇ ನಮ್ಮ ಕೇರಿಯ ಕಸುಬು. ಗಾಳಿಗೆ ಹೊತ್ತುಗೊತ್ತಿಲ್ಲ. ಅದು ಬೀಸತೊಡಗಿದ ಕೂಡಲೇ ಗಾಳಿಮನೆಯಲ್ಲಿ ಯಾರೋ ಒಂದು ಗುಂಡಿ ಒತ್ತುತ್ತಾರೆ, ಇಡೀ ಕೇರಿ ಒಂದೇ ಸಲಕ್ಕೆ ದಡಬಡಿಸಿ ಎದ್ದು ಕೂರುತ್ತದೆ. ಕಂಬ ಹತ್ತಲಾಗದ ಮುದುಕರೂ ಏಳಬೇಕು, ಹಾಲು ಕುಡಿಯುವ ಕೂಸುಗಳೂ ಏಳಬೇಕು. ಗಾಳಿಯಿಲ್ಲದ ದಿನವೂ ಹೊತ್ತು ಮೂಡುವ ಮೊದಲು ಒಂದು ಕೂಗು ತಪ್ಪದು. ಎಲ್ಲ ಮನೆಯ ಒಲೆ ಒಟ್ಟಿಗೆ ಹೊತ್ತುತ್ತದೆ, ನಲ್ಲಿಯ ಮುಂದಿನ ಜಗಳವೂ ಒಟ್ಟಿಗೇ ಹೊತ್ತುತ್ತದೆ. ತೊಟ್ಟಿಲಿಗೆ ಹಾಕುವ ದಿನ ಮಣಿಗಾರ, ಅಂದರೆ ಮಣಿ ಕೂಡಿಸುವ ಅಧಿಕಾರಿ, ಮನೆಗೆ ಬರುತ್ತಾನೆ. ಅವನು ಕೂಸಿನ ಕಿವಿಯ ಹಿಂದೆ ಮಣಿ ಕೂಡಿಸಿದ ಮೇಲೆಯೇ ಸೋದರತ್ತೆ ಅದೇ ಕಿವಿಯಲ್ಲಿ ಹೆಸರು ಹೇಳಬೇಕು. ಮೊದಲು ಕೂಗು, ಆಮೇಲೆ ಹೆಸರು. ಇದೇ ನಮ್ಮ ಸಂಪ್ರದಾಯ ಎಂದು ನಂಬಿ ನಾವು ಪಾಯಸ ಉಣ್ಣುತ್ತಾ ಬಂದೆವು.

ಕಂಬದ ಪಕ್ಕದಲ್ಲಿ ಸಿಡಿಲು ಬಿದ್ದ ದಿನ ನನ್ನ ಮಣಿ ಸತ್ತಿತು. ನಾನು ಯಾರಿಗೂ ಹೇಳಲಿಲ್ಲ. ಮೊದಮೊದಲು ಏಳುವುದು ತಪ್ಪೀತೆಂಬ ಹೆದರಿಕೆಗೆ ನಿದ್ದೆಯೇ ಹತ್ತಲಿಲ್ಲ. ಮಲಗುವಾಗ ಚೊಂಬುಗಟ್ಟಲೆ ನೀರು ಕುಡಿದು ನೋಡಿದೆ, ಎಚ್ಚರವೇನೋ ಆಯಿತು, ಆದರೆ ರಾತ್ರಿಯೆಲ್ಲ ಹಿತ್ತಲಿಗೆ ಓಡಾಡಿದ್ದೇ ಬಂತು. ಆಮೇಲೆ ಹೊತ್ತು ಮುಳುಗುವ ಮೊದಲೇ ಉಂಡೆ, ಮೂಡಣ ಕಿಟಕಿಯ ಪರದೆ ಕಿತ್ತೆ, ದಿನವೂ ಒಂದೇ ಹೊತ್ತಿಗೆ ಹಾಸಿಗೆ ಹಾಸಿದೆ. ಒಂದು ಬೆಳಗ್ಗೆ ಕಣ್ಣು ತಾನಾಗಿ ಬಿಟ್ಟಿತು. ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಮೈ ಹಗುರಾಗಿತ್ತು. ಇಷ್ಟು ವರ್ಷ ಇದನ್ನು ನನ್ನಿಂದ ಕಸಿದುಕೊಂಡಿದ್ದರಲ್ಲ ಎಂದು ಅತ್ತುಬಿಟ್ಟೆ.

ಆ ಹೊತ್ತಿಗೆ ಮೊಮ್ಮಗಳು ವನಜಾ ಹಡೆದಳು, ಹೆಣ್ಣು ಕೂಸು. ನಾನು ಗಾಳಿಮನೆಗೆ ಹೋಗಿ, ನಮ್ಮ ಕೂಸಿಗೆ ಮಣಿ ಬೇಡ, ಮನುಷ್ಯರು ತಾವಾಗಿಯೇ ಏಳಬಲ್ಲರು, ನಾನೇ ಸಾಕ್ಷಿ ಎಂದೆ. ಅವರು ನಕ್ಕು ಒಂದು ಪಂದ್ಯ ಒಡ್ಡಿದರು. ಅವರ ಅಂಗಳದಲ್ಲಿ, ಕೇರಿಯವರೆಲ್ಲರ ಎದುರು ನಾನು ಮಲಗಬೇಕು, ಯಾರೂ ಎಬ್ಬಿಸಬಾರದು. ಗಾಳಿಯ ಕೂಗಿಗೆ ಮೊದಲೇ ಎದ್ದರೆ ಕೂಸು ನಮ್ಮದು. ಏಳದಿದ್ದರೆ ಮಣಿ ಅದಕ್ಕೂ, ನನಗೂ.

ಹಿಂದಿನ ದಿನವೆಲ್ಲ ಕೂಸಿಗೆ ಹೊಟ್ಟೆನೋವು. ಎತ್ತಿಕೊಂಡು ತಿರುಗಿ ತಿರುಗಿ ನನ್ನ ಸೊಂಟ ಬಿದ್ದುಹೋಗಿತ್ತು. ಅಂಗಳದ ಮಂಚಕ್ಕೆ ಮೈ ತಾಗಿದ್ದಷ್ಟೇ ನೆನಪು. ಮುಂದಿನದನ್ನು ನೋಡಿದವರು ಹೇಳಿದರು. ಬೆಳಗಿನ ಜಾವ ಪಕ್ಕದ ಮನೆಯ ರೇವಕ್ಕ ಪ್ರೀತಿಯಿಂದಲೇ ಸುಳ್ಳು ಕೆಮ್ಮು ಕೆಮ್ಮಿದಳಂತೆ, ತಂಬಿಗೆಯನ್ನು ಕೈಜಾರಿದಂತೆ ಬೀಳಿಸಿದಳಂತೆ. ನನಗೆ ಎಚ್ಚರವಿಲ್ಲ. ಗಾಳಿ ಎದ್ದಿತು, ಎಲ್ಲರ ಮಣಿ ಕೂಗಿತು, ನಾನು ಗೊರಕೆ ಹೊಡೆಯುತ್ತಿದ್ದೆ. ಸೋತಳು, ಎಬ್ಬಿಸಿ ಎಂದು ಮಣಿಗಾರ ಕೈ ಚಾಚಿದಾಗ ವನಜಾ ಅಡ್ಡ ನಿಂತಳು. "ಮುಟ್ಟಬ್ಯಾಡ್ರಿ. ಸೋತಿದ್ದು ಸೋತಾಳ, ಮಲಗಲಿ" ಎಂದಳು.

ನಾನು ಕಣ್ಣು ಬಿಟ್ಟಾಗ ಬಿಸಿಲು ಅಂಗಳ ತುಂಬಿತ್ತು. ಕೆಲಸಕ್ಕೆ ಹೋಗಬೇಕಾದವರೂ ಸುತ್ತ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬರೂ, ಮಕ್ಕಳನ್ನು ಹೆತ್ತ ತಾಯಂದಿರೂ, ಹೆಸರಿಟ್ಟ ಮೇಲೆ ಒಬ್ಬ ಮನುಷ್ಯ ತಾನಾಗಿ ಏಳುವುದನ್ನು ಅದುವರೆಗೆ ಕಂಡಿರಲಿಲ್ಲ. ಸೋತೆನೆಂದು ಗೊತ್ತಾಯಿತು. ವನಜಾ ಮಾತ್ರ ನನ್ನ ಗಲ್ಲ ಹಿಡಿದು, "ಆಯಿ, ನೀ ಕಣ್ಣು ತಗದಿದ್ದನ್ನ ನಾ ನೋಡಿದೆ. ನನ್ನ ಕೂಸೂ ಹಂಗ ಏಳಬೇಕು" ಎಂದಳು. ಆಗ ನನಗೂ ಬುದ್ಧಿ ಬಂತು. ಕೂಗಿಗೆ ಮೊದಲು ಏಳಬೇಕೆಂದು ಹಟ ಹಿಡಿದು ಗೆದ್ದಿದ್ದರೆ ಆ ಕೂಗನ್ನು ನಾನೇ ನನ್ನ ತಲೆಯೊಳಗೆ ಇಟ್ಟುಕೊಂಡ ಹಾಗಾಗುತ್ತಿತ್ತು. ನಾನು ತಡವಾಗಿ ಎದ್ದವಳಲ್ಲ, ನಿದ್ದೆ ಮುಗಿದಾಗ ಎದ್ದವಳು. ಇದನ್ನು ಮಣಿಗಾರನ ಮುಖಕ್ಕೇ ಹೇಳಿ, ಮಂಚ ಮಡಚಿಟ್ಟು ಮನೆಗೆ ಬಂದೆ.

ಹಿರಿಯರೇ, ನಿಮ್ಮ ಕೈಯಲ್ಲಿ ಇನ್ನೂ ಕಾಲವಿದೆ. ರಜೆಯ ದಿನವಾದರೂ ಮನೆಯ ಮಗುವನ್ನು ಕೂಗಬೇಡಿ, ಅಲುಗಿಸಬೇಡಿ. ಪಕ್ಕದಲ್ಲಿ ಕುಳಿತು ಅದು ತಾನಾಗಿ ಏಳುವುದನ್ನು ನೋಡಿ. ನೋಡಿದ ಮೇಲೆ ಅದನ್ನು ಯಾರಿಗಾದರೂ ಬಿಟ್ಟುಕೊಡಲು ಮನಸ್ಸು ಬರುತ್ತದೆಯೇ, ನೀವೇ ಹೇಳಿ.

ಇವತ್ತು ನಮ್ಮ ಮನೆಯಲ್ಲಿ ತೊಟ್ಟಿಲು. ಕೂಸು ನನ್ನ ಪಕ್ಕದಲ್ಲೇ ಮಲಗಿದೆ. ಅದು ಕಣ್ಣು ಬಿಟ್ಟ ಕೂಡಲೇ ಬರಿ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಕಾದಿದ್ದಾಳೆ. ಮಣಿಗಾರ ಕೂಸಿಗೊಂದು, ನನಗೊಂದು ಮಣಿಯಿರುವ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹೊರಗೆ ಕಟ್ಟೆಯ ಮೇಲಿದ್ದಾನೆ. ಬಾಗಿಲಿಗೆ ಅಡ್ಡವಾಗಿ ವನಜಾ, ರೇವಕ್ಕ ಮತ್ತು ಕೇರಿಯ ಹೆಂಗಸರೆಲ್ಲ ಕುಳಿತಿದ್ದಾರೆ. "ಕೂಸು ಯಾವಾಗ ಏಳತೈತ್ರಿ?" ಎಂದು ಅವನು ಆಗಿನಿಂದ ಕೇಳುತ್ತಿದ್ದಾನೆ. "ಅದರ ನಿದ್ದಿ ಮುಗದಾಗ" ಎನ್ನುತ್ತಿದ್ದಾಳೆ ವನಜಾ.

ಎದ್ದ ಮೇಲೂ ಕೊಡುವುದಿಲ್ಲ ಎಂಬುದನ್ನು ಅವನಿಗೆ ಇನ್ನೂ ಹೇಳಿಲ್ಲ.