ಸಿಗ್ನಲ್ ದೀಪದ ಎಣ್ಣೆ

ವಾಡಿ, ಶನಿವಾರ
೧೧ ಡಿಸೆಂಬರ್ ೧೯೪೩

ಚಂದಮ್ಮನ ಅಪ್ಪನವರಿಗೆ ಶಿವಕಾಂತಮ್ಮನ ಶರಣು.

ಸೊಲ್ಲಾಪುರದ ಚಳಿಯಲ್ಲಿ ನಿಮ್ಮ ಕೆಮ್ಮು ಹೇಗಿದೆ? ಗಿರಣಿಯಲ್ಲಿ ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೀರೋ ಇಲ್ಲವೋ. ಕೂಸಿನ ಜ್ವರ ಇಳಿದಿದೆ, ಅದರ ಚಿಂತೆ ಬೇಡ. ಬೇರೆ ಸುದ್ದಿಯಿದೆ, ಕುಳಿತುಕೊಂಡು ಓದಿರಿ.

ಮಂಗಳವಾರ ಸಂಜೆ ಸ್ಟೇಶನ್ನಿನ ದೀಪದಾಳು ಸಾಯಬಣ್ಣ ಸಿಗ್ನಲ್ ದೀಪ ಹಚ್ಚಿ ಹೋದ ಮೇಲೆ ನಮ್ಮ ಚಂದಮ್ಮ ಆ ಕಂಬ ಹತ್ತಿ, ದೀಪದ ಚಿಮಣಿ ಎಣ್ಣೆಯನ್ನು ಸೀಸೆಗೆ ಬಸಿದುಕೊಂಡಳು. ಹನ್ನೆರಡು ವರ್ಷದ ಹುಡುಗಿ, ಅಷ್ಟೆತ್ತರ! ಉಳಿದ ಹನಿ ಸುಟ್ಟು ದೀಪ ಆರಿತು. ಶಹಾಬಾದ ಕಡೆಯಿಂದ ಬಂದ ಗೂಡ್ಸ್ ಗಾಡಿಯ ಡ್ರೈವರ್ ದೀಪ ಕಾಣದೆ ಅನುಮಾನಪಟ್ಟು ನಿಲ್ಲಿಸಿದ. ಅದೇ ಹಳಿಯ ಮೇಲೆ ಮುಂದೆ ಪ್ಯಾಸೆಂಜರ್ ನಿಂತಿತ್ತಂತೆ.

ಮರುದಿನ ಸಾಯಬಣ್ಣನನ್ನು ಪೊಲೀಸರು ಚೌಕಿಗೆ ಒಯ್ದದ್ದು ಕಂಡು ಇವಳೇ ಓಡಿಹೋಗಿ, "ಕಾಕಾಂದು ತಪ್ಪಿಲ್ರಿ, ಎಣ್ಣಿ ನಾ ತಗೊಂಡೀನಿ" ಎಂದಳಂತೆ. ನನ್ನನ್ನು ಕರೆಸಿದರು. ಚೌಕಿಯ ಮುಖ್ಯಸ್ಥರಾದ ಅಮೀನ ಸಿರಾಜುದ್ದೀನ ಸಾಹೇಬರು ವಯಸ್ಸಾದವರು. "ಕೇಸಿನ ಕಾಗದ ಗುಲ್ಬರ್ಗಾ ಅದಾಲತಿಗೆ ಹೋಯ್ತಂದ್ರ ಪೋರಿ ನನ್ನ ಕೈಯಾಗ ಉಳಿಯಂಗಿಲ್ಲಮ್ಮ. ಸಣ್ಣಾಕಿ ಅದಾಳ, ಒಂದು ಸಲ ಬಿಟ್ಟು ನೋಡ್ತೀನಿ" ಎಂದರು. ಆರು ತಿಂಗಳು ಪ್ರತಿ ಸೋಮವಾರ ನಾನು ಅವಳನ್ನು ಚೌಕಿಗೆ ಕರೆದೊಯ್ಯಬೇಕು. ದಿನಾಲೂ ಸಾಯಬಣ್ಣನ ಜೊತೆ ಅವಳು ದೀಪದ ಗಾಜು ಒರೆಸಬೇಕು. ನೀವು ಬಂದು ಜಾಮೀನಿಗೆ ಸಹಿ ಹಾಕಬೇಕು. ಪಾಪ, ಸಾಯಬಣ್ಣ, "ಬರ್ಲಿ ಬಿಡ್ರಿ, ನನ್ನ ಮಗಳಿದ್ದಂಗ" ಎಂದ. ಅವನ ನೌಕರಿಯೂ ಉಳಿಯಿತು.

ಆದರೆ ಆ ಕಾಗದ ಇನ್ನೂ ಸಾಹೇಬರ ಪೆಟ್ಟಿಗೆಯಲ್ಲಿದೆ. ಅವರಿಗೆ ಬದಲಿಯಾದರೆ, ಬರುವವರು ಎಂಥವರೋ! ರೈಲು ಸಿಳ್ಳೆ ಹಾಕಿದರೆ ಸಾಕು, ಹುಡುಗಿ ಓಡಿಬಂದು ನನ್ನ ಸೆರಗು ಹಿಡಿಯುತ್ತಾಳೆ. ಬಂದಾಗ ಅವಳ ಮೇಲೆ ಕೈ ಎತ್ತಬೇಡಿ.

ಬಸವಣ್ಣ ನಿಮ್ಮನ್ನು ಕಾಯಲಿ. ನಿಮ್ಮ ಖೋಲಿಯಲ್ಲಿ ಜೊತೆಗಿರುವ ಗೆಳೆಯರಿಗೆಲ್ಲ ಶರಣು ಹೇಳಿರಿ.

ನಿಮ್ಮ
ಶಿವಕಾಂತಮ್ಮ

ತಾ.ಕ.: ಟಪಾಲಿಗೆ ಒಯ್ಯುವವರು ಬಾಗಿಲಲ್ಲಿ ನಿಂತಿದ್ದಾರೆ. ಅಂದು ಚೌಕಿಯಲ್ಲಿ "ಯಾರು ಕಳಿಸಿದ್ರವ್ವಾ?" ಎಂದು ಸಾಹೇಬರು ಚಂದಮ್ಮನನ್ನು ಮೂರು ಸಲ ಕೇಳಿದರು. "ಯಾರೂ ಇಲ್ರಿ" ಎಂದಳು, ನನ್ನ ಕಡೆ ನೋಡಲೂ ಇಲ್ಲ. ಮಂಗಳವಾರ ಕೂಸಿನ ಮೈ ಕೆಂಡದಂತೆ ಸುಡುತ್ತಿತ್ತು, ರಾತ್ರಿ ಅದನ್ನು ನೋಡಿಕೊಳ್ಳಲು ದೀಪಕ್ಕೆ ಯಾವ ಅಂಗಡಿಯಲ್ಲೂ ಎಣ್ಣೆ ಇರಲಿಲ್ಲ. "ಸಿಗ್ನಲ್‌ದಾಗ ಬೇಕಾದಷ್ಟದ, ತಗೊಂಬಾ" ಎಂದು ಸೀಸೆ ಕೊಟ್ಟವಳು ನಾನೇ. ಚೌಕಿಯಲ್ಲಿ ನಾನು ಬಾಯಿ ಬಿಡಲಿಲ್ಲ. ಇಪ್ಪತ್ತನೇ ತಾರೀಖು ಸೋಮವಾರ ಸಾಹೇಬರಿಗೆ ನಿಜ ಹೇಳಿಬಿಡುತ್ತೇನೆ. ಸಣ್ಣವಳಿಗೆ ಸಿಕ್ಕ ಮಾಫಿ ನನಗೆ ಸಿಗಲಿಕ್ಕಿಲ್ಲ. ಅಷ್ಟರೊಳಗೆ ಬನ್ನಿ. ಮಕ್ಕಳ ಹತ್ತಿರ ನಮ್ಮಲ್ಲಿ ಒಬ್ಬರಾದರೂ ಇರಬೇಕು.