ಹಿಡಿಯಕ್ಕಿ ಮಡಕೆಯ ಗುರುತು

ಮಣ್ಣಿಗಿಟ್ಟ ಮೇಲೂ ನನ್ನ ಕಿವಿ ಹಿಂಡುವುದನ್ನು ಬಿಡದ ಅಕ್ಕನಿಗೆ,

ಚಳಿಜ್ವರದಲ್ಲಿ ನಡುಗುತ್ತಾ ಕೊನೆಗೆ ನೀನು ನನ್ನನ್ನು ಕೇಳಿದ್ದು ಒಂದೇ. ಒಲೆಯ ಪಕ್ಕದ ಗೂಡಿನಲ್ಲಿದ್ದ ಸಣ್ಣ ಮಡಕೆಯನ್ನು ಕಣ್ಣಲ್ಲೇ ತೋರಿಸಿ, "ಯೋನಾ, ಅದನ್ನ ನಿಲ್ಲಿಸ್ಬೇಡ ಕಣೋ" ಅಂದೆ. ನಾನು ಏನಂದೆ, ನೆನಪಿದೆಯಾ? "ಮಡಕೆ ಏನಕ್ಕಾ, ಮೂಟೇನೇ ಕೊಡ್ತೀನಿ, ನೋಡ್ತಿರು." ನೀನು ನಕ್ಕೆ. ಆ ನಗು ನಂಬಿದ್ದಕ್ಕೋ, ನಂಬದೆ ಇದ್ದುದಕ್ಕೋ... ಇವತ್ತಿಗೂ ಗೊತ್ತಾಗಿಲ್ಲ. ನಿನಗೆ ಓದು ಬರುತ್ತಿರಲಿಲ್ಲ. ಬರೆದು ಮುಗಿಸಿ, ಮೊದಲಿನ ಹಾಗೆ ನಾನೇ ಗಟ್ಟಿಯಾಗಿ ಓದುತ್ತೇನೆ. ನಾಚಿಕೆಯ ಮಾತು ಬಂದ ಕಡೆ ಧ್ವನಿ ತಗ್ಗಿದರೆ ಬೈಯಬೇಡ.

ನೀನು ಅನ್ನಕ್ಕಿಡುತ್ತಿದ್ದ ಸಂಜೆಗಳು ಕಣ್ಣ ಮುಂದೆಯೇ ಇವೆ. ಅಪ್ಪನಿಗೆ ಒಂದು ಪಾವು, ನನಗೊಂದು, ಕೊನೆಗೆ ನಿನಗೆ. ಆ ಕೊನೆಯ ಪಾವಿನಿಂದ ಒಂದು ಹಿಡಿ ತೆಗೆದು ಮಡಕೆಗೆ ಹಾಕಿ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದೆ. ನಮ್ಮ ಸಭೆಯ ಹೆಂಗಸರೆಲ್ಲ ಹಾಗೆಯೇ ಹಿಡಿಯಕ್ಕಿ ಕೂಡಿಸಿ ಭಾನುವಾರ ಪ್ರಾರ್ಥನೆ ಮನೆಗೆ ತರುತ್ತಿದ್ದರು. ಅದು ನಮ್ಮ ಕೂಲಿ ಲೈನಿನ ಕೊನೆಯ ಕೋಣೆಯಲ್ಲಿದ್ದ, ಕಣ್ಣು ಕಾಣದ ಯಾಕೋಬ ತಾತನ ಹೊಟ್ಟೆಗೆ ಹೋಗುತ್ತಿತ್ತು. "ಅಳೆದು ಹಾಕೋದು, ಮತ್ತೆ ಕಿತ್ಕೊಳ್ಳೋದು. ಗುಬ್ಬಿಗೆ ಕಾಳು ಹಾಕ್ದಂಗೆ!" ಅಂತ ನಾನು ಗೇಲಿ ಮಾಡಿದರೆ, "ಗುಬ್ಬೀನೂ ತಿನ್ಲಿ ಬಿಡೋ, ನಿನ್ನ ಗಂಟೇನು ಹೋಗುತ್ತೆ?" ಅಂದು ಊದುಕೊಳವೆಯನ್ನು ನನ್ನ ಕೈಗೆ ತುರುಕುತ್ತಿದ್ದೆ.

ಪಾದ್ರಿಗಳ ಸ್ಕೂಲು ಬಿಟ್ಟು ನಾನು ಮನೆಗೆ ಬಂದ ದಿನ ನೀನು ಹೊಡೆಯಲಿಲ್ಲ, ಅಳಲಿಲ್ಲ. "ನಂಗೆ ಓದಿ ಹೇಳೋಷ್ಟು ಕಲ್ತಿದ್ದೀಯಲ್ಲ, ಅಷ್ಟನ್ನಾದ್ರೂ ಬಿಡ್ಬೇಡ" ಅಂದೆ. ನಾನು ಅದನ್ನೂ ಬಿಟ್ಟೆ. ದೊಡ್ಡ ಮನುಷ್ಯನಾಗಿ ಬರುತ್ತೇನೆಂದು ಮರ ಸಾಗಿಸುವ ಗಾಡಿಗಳ ಜೊತೆ ದೂರದ ಕುಟ್ಟಕ್ಕೆ ಹೋದವನು ಮಳೆಗಾಲಕ್ಕೆ ಮೊದಲೇ ವಾಪಸ್ಸಾದೆ. ದೊರೆಯ ತೋಟದಲ್ಲಿ ಕಾಫಿ ಸಸಿಗೆ ನೀರು ಹಾಕುವ ಕೆಲಸವೂ ಬೇಸರವಾಯಿತು. ಸ್ವಲ್ಪದರಲ್ಲಿ ನಂಬಿಗಸ್ತರಾಗಿರಬೇಕು ಎಂದು ನಮ್ಮ ಉಪದೇಶಿಗಳು ಹೇಳಿದಾಗಲೆಲ್ಲ, ದೊಡ್ಡದು ಮಾಡಲಾಗದವರಿಗೆ ಇದೊಂದು ಸಮಾಧಾನ ಅಂದುಕೊಳ್ಳುತ್ತಿದ್ದೆ. ಅವರ ಮಾತು ನನಗಲ್ಲ, ನಿನ್ನಂಥವರಿಗೆ ಅಂತ...

ನಿನ್ನನ್ನು ಮಣ್ಣು ಮಾಡಿ ಬಂದ ವಾರ ಮಡಕೆ ನೆನಪಾದದ್ದು ಶನಿವಾರ, ತೋಟದ ರೈಟರು ವಾರದ ಅಕ್ಕಿ ಅಳೆದು ಕೊಟ್ಟ ಮೇಲೆ. ಅಲ್ಲಿಯವರೆಗೆ ಒಂದು ಕಾಳೂ ಹಾಕಿರಲಿಲ್ಲ. ಚೀಲವನ್ನೇ ಬಗ್ಗಿಸಿದೆ. ಕಂಠದವರೆಗೆ ತುಂಬಿ, ಸಾಲದೆಂದು ಮೇಲೆ ಗೋಪುರ ಮಾಡಿದೆ. ಮಾರನೆಯ ದಿನ ಎಲ್ಲರ ಮಡಕೆಗಳ ಪಕ್ಕ ಅದನ್ನಿಟ್ಟಾಗ, ಅಕ್ಕಿ ಕೂಡಿಸುವ ಮಾರ್ತಜ್ಜಿ ಕೈ ತಟ್ಟಿ, "ನೋಡ್ರವ್ವಾ! ಅಕ್ಕ ಇರೋ ತನ್ಕ ಈ ಮಡಕೆ ಒಂದ್ ದಿನ ತುಂಬಿತ್ತಾ? ತಮ್ಮ ತುಂಬಿಸ್ಬಿಟ್ಟ!" ಅಂದಳು. ನನಗೆ ಹಿತವಾಯಿತು, ಅಕ್ಕಾ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳು. ನಿನ್ನನ್ನು ನನಗಿಂತ ಕಡಿಮೆ ಮಾಡಿದ ಮಾತು ಕೇಳಿ, ಮೇಲ್ನೋಟಕ್ಕೆ ತಲೆ ಬಗ್ಗಿಸಿ, ಒಳಗೆ ಉಬ್ಬಿದೆ.

ಗುರುವಾರ ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು ಕುಳಿತಾಗ ಚೀಲ ಬರಿದಾಗಿತ್ತು. ಬೇಯಿಸಿದ ಗೆಣಸು ಮುಂದಿಟ್ಟೆ.

"ಅಕ್ಕಿ ಎಲ್ಲಿ ಹೋಯ್ತು ಮಗಾ?"

"ದೇವರಿಗೆ ಕೊಟ್ಟೆ ಅಪ್ಪಾ."

"ಯಾರ ಪಾಲಿಂದು?"

ಅಪ್ಪ ಗೆಣಸಿನ ಸಿಪ್ಪೆ ಸುಲಿಯುತ್ತಾ, "ನಿನ್ನಕ್ಕನೂ ಕೊಡ್ತಿದ್ಲು. ನನ್ ತಟ್ಟೇಲಿ ಒಂದಗುಳೂ ಕಮ್ಮಿ ಆಗ್ಲಿಲ್ಲ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಗ ನೆನಪಾಯಿತು ಆ ಕೊನೆಯ ಪಾವು. ನೀನು ಕೊಡುತ್ತಿದ್ದುದು ನಿನ್ನ ಊಟ. ನಾನು ಕೊಟ್ಟಿದ್ದು ಅಪ್ಪನ ಊಟ. ದಿನಾ ಅದೇ ಒಲೆಯ ಮುಂದೆ ಕೂತವನಿಗೆ ಇಷ್ಟೂ ಕಾಣಲಿಲ್ಲವೇ? ಕಣ್ಣು ಕಾಣದವನು ಯಾಕೋಬ ತಾತನೋ, ನಾನೋ?

ಆ ಭಾನುವಾರ ಮಡಕೆಯ ತಳದಲ್ಲಿದ್ದುದು ಹಿಂದಿನ ಸಂಜೆ ನನ್ನ ಪಾಲಿನಿಂದ ತೆಗೆದ ಒಂದೇ ಹಿಡಿ. ಯಾರಿಗೂ ಕಾಣದಿರಲಿ ಎಂದು ಬಾಯಿಗೆ ಬಟ್ಟೆ ಕಟ್ಟಿ ಒಯ್ದೆ. ಆದರೆ ಮುಚ್ಚಿಡುವುದು ನನ್ನಿಂದ ಆಗುವ ಕೆಲಸವಲ್ಲ, ನಿನಗೆ ಗೊತ್ತು. ಪ್ರಾರ್ಥನೆ ಮುಗಿಯುತ್ತಲೇ ಎದ್ದು ನಿಂತು, ಹೋದ ವಾರ ತಂದದ್ದು ಹಿಡಿಯಕ್ಕಿಯೇ ಅಲ್ಲ, ಚೀಲ ಬಗ್ಗಿಸಿ ಅಪ್ಪನನ್ನು ಹಸಿದಿರಿಸಿದೆ, ನನ್ನಂಥ ಪಾಪಿ ಈ ಸೀಮೆಯಲ್ಲೇ ಇಲ್ಲ ಅಂತ ದೊಡ್ಡ ದನಿಯಲ್ಲಿ ಹೇಳಿದೆ. ಹೆಂಗಸರು ನೆಲ ನೋಡಿದರು. ಉಪದೇಶಿಗಳು ಕೆಮ್ಮಿದರು. ಮಾರ್ತಜ್ಜಿ ಮಾತ್ರ, "ಸಾಕು, ಕೂತ್ಕೊಳ್ಳೋ. ಕೊಟ್ರೂ ಮೂಟೆ, ಪಾಪ ಮಾಡಿದ್ರೂ ಮೂಟೇನಾ ನಿಂಗೆ? ಸಣ್ಣದು ಒಂದೂ ಬರಲ್ವಾ?" ಅಂದಳು. ಹಿಂದೆ ಯಾರೋ ಕಿಸಕ್ಕೆಂದರು.

ಎಲ್ಲರೂ ಹೊರಟ ಮೇಲೆ ಆಕೆಯೇ ಕರೆದು ಖಾಲಿ ಮಡಕೆಯನ್ನು ನನ್ನ ಕೈಗಿಟ್ಟಳು. "ಹೋದ್ವಾರ ನಾನೂ ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಕಣಪ್ಪ. ಒಳಗ್ ನೋಡು." ನೋಡಿದೆ. ಕಂಠಕ್ಕಿಂತ ಎಷ್ಟೋ ಕೆಳಗೆ, ಅಕ್ಕಿಯ ಧೂಳು ಕೂತು ಸುತ್ತಲೂ ಬೆಳ್ಳಗೆ ಒಂದು ಗುರುತು. ಅಮ್ಮತ್ತಿ ಸಂತೆಯಿಂದ ಆ ಮಡಕೆ ತಂದಾಗಿನಿಂದ, ವಾರ ವಾರವೂ ನಿನ್ನ ಅಕ್ಕಿ ಅಲ್ಲಿಗೇ ಬಂದು ನಿಂತಿದೆ. ಹಬ್ಬದ ವಾರವೂ, ನಿನಗೆ ಮೈಯಲ್ಲಿ ಸರಿ ಇಲ್ಲದ ವಾರವೂ.

ಈ ವಾರದ ಮೊದಲ ಸಂಜೆ ನನ್ನ ಪಾವಿನಿಂದ ಒಂದು ಹಿಡಿ ತೆಗೆಯುವುದು ಸುಲಭವಾಗಿತ್ತು. ಆಮೇಲೆ ಯಾರೂ ನೋಡದ, ಯಾರೂ ಹೊಗಳದ ಆ ಒಂದು ಹಿಡಿ ಎಷ್ಟು ಭಾರವಾಯಿತೆಂದರೆ... ಒಂದು ಸಂಜೆ ಮರೆತೆ. ಇನ್ನೊಂದು ಸಂಜೆ ಹಸಿವು ತಡೆಯದೆ, ಹಾಕಿದ್ದನ್ನೇ ವಾಪಸ್ ತೆಗೆದು ಬೇಯಿಸಿದೆ. ನನ್ನ ಕೈ ನಿನ್ನ ಕೈಗಿಂತ ದೊಡ್ಡದು. ಆದರೂ ಅಕ್ಕಿ ನಿನ್ನ ಗುರುತು ಮುಟ್ಟಿಲ್ಲ. ಇದನ್ನೆಲ್ಲ ನೀನು ಇಷ್ಟು ವರ್ಷ ಹೇಗೆ ಮಾಡಿದೆ? ಅದೂ ನಮಗೆ ಬಡಿಸುವಾಗ ನಗುನಗುತ್ತಾ?

ಇವತ್ತು ಶನಿವಾರ. ಹೊಸ ಅಕ್ಕಿಯ ಚೀಲ ಮಡಕೆಯ ಪಕ್ಕದಲ್ಲೇ ಬಾಯಿ ತೆರೆದು ಕೂತಿದೆ. ನಿನ್ನ ಗುರುತಿಗೆ ಮುಟ್ಟಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮುಟ್ಟಿಸುವುದಿಲ್ಲ, ಅಕ್ಕಾ. ನಾಳೆ ಎದ್ದು ನಿಂತು ಏನನ್ನೂ ಹೇಳುವುದೂ ಇಲ್ಲ. ಅಪ್ಪ ಬರುವ ಹೊತ್ತಾಯಿತು, ಅನ್ನಕ್ಕಿಡಬೇಕು, ಇವತ್ತಿನ ಹಿಡಿ ಇನ್ನೂ ಬಾಕಿ ಇದೆ. ಅದನ್ನು ಹಾಕಿದ ಮೇಲೆ ಎಷ್ಟಾಗುತ್ತದೋ ಅಷ್ಟನ್ನೇ ಒಯ್ಯುತ್ತೇನೆ. ಬಾಯಿಗೆ ಬಟ್ಟೆ ಕಟ್ಟುವುದಿಲ್ಲ.

ನಿನ್ನ ಯೋನ